ತುಂಬಿದ ಸಭೆಯಲ್ಲಿ ಬಂದ ಮಾತು

ಬಹಳ ಬಹಳ ಹಿಂದೆ, ಮೋಡಗಳು ಇನ್ನೂ ನೆಲಕ್ಕಿಳಿದು ಮಲಗುತ್ತಿದ್ದ ಕಾಲದಲ್ಲಿ, ಬೆಳ್ಮುಗಿಲು ಎಂಬ ರಾಜ್ಯವಿತ್ತು. ಅದರ ಬಡಗಣ ಬೆಟ್ಟದಲ್ಲಿ ಕಲ್ಗಣ್ಣನೆಂಬ ಮಾಂತ್ರಿಕನಿದ್ದ. ಅವನು ಯಾರ ಕಣ್ಣಲ್ಲಿ ಕಣ್ಣಿಟ್ಟರೂ ಅವರು ಕಲ್ಲಾಗುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅವನು ಒಂದೊಂದು ಊರಿಗೆ ಇಳಿದು ಬರುತ್ತಿದ್ದ. ಬಾವಿಯಿಂದ ನೀರು ಸೇದುತ್ತಿದ್ದವರು, ಮಗುವಿಗೆ ತುತ್ತಿಡುತ್ತಿದ್ದವರು, ಇದ್ದವರು ಇದ್ದ ಹಾಗೆಯೇ ಕಲ್ಲಾಗಿ ನಿಂತುಬಿಡುತ್ತಿದ್ದರು.

ಆ ರಾಜ್ಯದ ದೊರೆಗೆ ಒಬ್ಬಳೇ ಮಗಳು, ಬಾಚಲೆ. ಸೈನ್ಯ ನಡೆಸುವವಳು ಅವಳೇ. ಅವಳಿಗೆ ಬಲಗೈಯಂತಿದ್ದವನು ಕೇತುಗನೆಂಬ ದಳಪತಿ. ಹಿಂದಿನ ವರ್ಷ ಇಬ್ಬರೂ ಬೆಟ್ಟಕ್ಕೆ ದಂಡೆತ್ತಿ ಹೋಗಿದ್ದರು. ಮುಂದೆ ನಡೆದ ಕೇತುಗನ ಕಣ್ಣೆದುರೇ ಅವನ ಆರು ಮಂದಿ ಯೋಧರು ಕಲ್ಲಾದರು. ಆಗ ಕೆಳಗಿನಿಂದ ಬಾಚಲೆ, "ಕೇತುಗಣ್ಣ, ಹಿಂತಿರುಗು! ಇದು ನನ್ನ ಅಪ್ಪಣೆ!" ಎಂದು ಕೂಗಿದಳು. ಅವನು ಹಿಂತಿರುಗಿದ. ಆಮೇಲೆ ಅವನು ನಕ್ಕದ್ದನ್ನು ಯಾರೂ ಕಾಣಲಿಲ್ಲ.

ದೊರೆ ಪಡುವಣದ ಚಕ್ರವರ್ತಿಯಲ್ಲಿ ನೆರವು ಕೇಳಿದ. ಈ ರಾಜ್ಯಕ್ಕೆ ಆನೆಪಡೆ ಕಳಿಸಬಹುದೋ ಬಾರದೋ ಎಂದು ನೋಡಿ ಬರಲು ಚಕ್ರವರ್ತಿಯ ದೂತ ಮಂಡನ ಬಂದಿಳಿದ. ಪಡೆಯನ್ನು ನೋಡಿದ, ಕೋಟೆಯನ್ನು ನೋಡಿದ. ಕೊನೆಗೆ ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇತುಗನ ಕಡೆಗೆ ಬೆರಳು ಮಾಡಿದ.

"ಎಲ್ಲವೂ ಚೆನ್ನಾಗಿದೆ ದೊರೆಯೇ, ಇವನೊಬ್ಬನನ್ನು ಬಿಟ್ಟು. ಆರು ಜನರನ್ನು ಸಾವಿನ ಬಾಯಿಗೆ ಕೊಟ್ಟು ಬೆನ್ನು ತೋರಿಸಿ ಓಡಿ ಬಂದವನನ್ನು ದಳಪತಿ ಎನ್ನುತ್ತೀರಾ?"

ಕೇತುಗ ತಲೆ ಎತ್ತಲಿಲ್ಲ. ಸೈನಿಕರ ಕೈಗಳು ಕತ್ತಿಯ ಹಿಡಿಗೆ ಹೋದವು. ದೊರೆ ಮಗಳತ್ತ ಬಾಗಿ, "ಆನೆಪಡೆ ಬೇಕಮ್ಮ, ಸುಮ್ಮನಿರು" ಎಂದು ಪಿಸುಗುಟ್ಟಿದ.

ಬಾಚಲೆಗೆ ಎದೆ ಉರಿದುಹೋಯಿತು. ಆದರೂ ಮೊದಲು ಅವಳು ತನ್ನವರ ಕಡೆಗೇ ತಿರುಗಿದಳು. "ಕತ್ತಿಯಿಂದ ಕೈ ತೆಗೆಯಿರಿ. ಅವರು ನಮ್ಮ ಅತಿಥಿ." ಆಮೇಲೆ ದೂತನಿಗೆ ಹೇಳಿದಳು: "ದೂತರೇ, ನೀವು ತುಂಬಿದ ಸಭೆಯಲ್ಲಿ ಆಡಿದಿರಿ, ಅದಕ್ಕೆ ನಾನೂ ಇಲ್ಲೇ ಆಡಬೇಕು. ಅಂದು ಹಿಂತಿರುಗು ಎಂದವಳು ನಾನು. ಅವನು ಓಡಿ ಬರಲಿಲ್ಲ, ನಾನು ಕರೆದೆ, ಬಂದ. ತಪ್ಪು ಎನ್ನುವುದಾದರೆ ನನ್ನನ್ನು ಕೇಳಿ. ನಾನು ಬೆಟ್ಟ ಹತ್ತುವಾಗ ನನ್ನ ಪಕ್ಕದಲ್ಲಿ ಇರುವವನು ಇವನೇ."

"ಹಾಗಾದರೆ ಆನೆಗಳು ಬರುವುದಿಲ್ಲ" ಎಂದು ಮಂಡನ ಕೂತುಬಿಟ್ಟ.

"ಬರುವುದು ಬೇಡ" ಎಂದಳು ಬಾಚಲೆ. ಅವಳ ಧ್ವನಿ ಏರಲಿಲ್ಲ.

ಹೊರಗೆ ಬಂದ ಮೇಲೆ ಕೇತುಗ ಸಿಡಿದ. "ನನಗಾಗಿ ಮಾತಾಡಿ ಎಂದು ನಾನು ಕೇಳಿದೆನೇ ತಾಯಿ? ಅವನು ಅಂದದ್ದನ್ನು ನಾನೇ ದಿನವೂ ಅಂದುಕೊಳ್ಳುತ್ತೇನೆ."

"ನೀನು ಅಂದುಕೋ ಕೇತುಗಣ್ಣ. ಆ ಆರು ಜನ ನಿನ್ನವರು. ಆದರೆ ಅವರ ಹೆಸರೂ ತಿಳಿಯದವನು ಅದನ್ನು ಅನ್ನಕೂಡದು."

ಅವನು ಬೆಟ್ಟದ ಕಡೆಗೆ ತಿರುಗಿದ. ಆಮೇಲೆ ಮೆಲ್ಲನೆ, "ಅಂದು ಒಂದನ್ನು ಕಂಡೆ. ಆ ಕಲ್ಗಣ್ಣ ಒಂದು ಸಲಕ್ಕೆ ಒಬ್ಬರನ್ನೇ ನೋಡಬಲ್ಲ. ಇಬ್ಬರಿದ್ದರೆ ಸಾಕು" ಎಂದ.

ಬೆಳಗಾಗುತ್ತಲೇ ಇಬ್ಬರೂ ಬೆಟ್ಟ ಹತ್ತಿದರು.

ಮೊದಲ ಬಾಗಿಲಲ್ಲಿ ಕಬ್ಬಿಣದ ಕೋರೆಯ ಹಂದಿಯಿತ್ತು. "ಒಬ್ಬರನ್ನು ನನಗೆ ಬಿಟ್ಟು ಇನ್ನೊಬ್ಬರು ಹೋಗಿ" ಎಂದಿತು. "ಬಂದವರು ಇಬ್ಬರು, ಹೋಗುವವರೂ ಇಬ್ಬರು" ಎಂದಳು ಬಾಚಲೆ. ಹಂದಿ ನುಗ್ಗಿತು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹಾರಿದರು. ಅದರ ಕೋರೆ ಬಂಡೆಯಲ್ಲಿ ಸಿಕ್ಕಿಕೊಂಡಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯ ಹೆಡೆಯ ಹಾವಿತ್ತು. ಅದೂ ಹಾಗೇ ಕೇಳಿತು, ಅವಳೂ ಹಾಗೇ ಹೇಳಿದಳು. ಕೇತುಗ ಗುರಾಣಿ ಹಿಡಿದು ಉರಿಯನ್ನು ತಡೆದ, ಬಾಚಲೆ ಹೆಡೆಯನ್ನು ಕಡಿದಳು. ಅವನ ತೋಳು ಸುಟ್ಟಿತು, ಅವಳ ಜಡೆ ಸುಟ್ಟಿತು.

ಮೂರನೆಯ ಬಾಗಿಲಲ್ಲಿ ಕಲ್ಗಣ್ಣನೇ ಕುಳಿತಿದ್ದ. ಸುತ್ತಲೂ ಕಲ್ಲಾದ ಜನ, ಅವರ ನಡುವೆ ಆ ಆರು ಮಂದಿ. "ಒಬ್ಬರನ್ನು ನನಗೆ ಬಿಟ್ಟು ಇನ್ನೊಬ್ಬರು ಹೋಗಿ" ಎಂದ.

ಬಾಚಲೆ ಬಾಯಿ ತೆರೆಯುವ ಮೊದಲೇ ಕೇತುಗ ಅವಳ ಮುಂದೆ ಬಂದು ನಿಂತ. "ನಾನು ಉಳಿಯುತ್ತೇನೆ."

"ಬೇಡ ಕೇತುಗಣ್ಣ, ಮುಂದೆ ನಿಲ್ಲಬೇಕಾದವಳು ನಾನು!"

"ಸಭೆಯಲ್ಲಿ ನೀವು ನಿಂತಿರಿ. ಇಲ್ಲಿ ನನ್ನನ್ನು ಬಿಡಿ, ತಾಯಿ."

ಅವನನ್ನು ಎಳೆದುಕೊಳ್ಳಬೇಕೆಂದು ಅವಳ ಕೈ ಮುಂದೆ ಹೋಯಿತು. ಇನ್ನೊಮ್ಮೆ ಹಿಂದಕ್ಕೆ ಕರೆದರೆ ಇವನು ಬದುಕುತ್ತಾನೆ, ಆದರೆ ಬದುಕಿಯೂ ಸಾಯುತ್ತಾನೆ ಎಂದು ಅವಳಿಗೆ ತಿಳಿಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಕೇತುಗ ಮಾಂತ್ರಿಕನ ಕಣ್ಣಲ್ಲಿ ಕಣ್ಣಿಟ್ಟ. ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು. ಅವನು ರೆಪ್ಪೆ ಬಡಿಯಲಿಲ್ಲ. ಅವನ ಮೇಲೆ ನೆಟ್ಟ ನೋಟವನ್ನು ಕಲ್ಗಣ್ಣ ಕಿತ್ತುಕೊಳ್ಳುವಷ್ಟರಲ್ಲಿ ಬಾಚಲೆ ಸುತ್ತಿ ಬಂದು ಕತ್ತಿ ಬೀಸಿದಳು. ಮಾಂತ್ರಿಕ ಬೂದಿಯಾಗಿ ಉದುರಿಹೋದ.

ಬೆಟ್ಟವಿಡೀ ಉಸಿರು ಬಿಟ್ಟಿತು. ಕಲ್ಲುಗಳು ಬೆಚ್ಚಗಾದವು. ಆರು ಜನರಲ್ಲಿ ಒಬ್ಬ ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಸೀನನ್ನು ಸೀನಿ ಮುಗಿಸಿದ. ಕೇತುಗನ ಕಾಲು ತಿರುಗಿ ಕಾಲಾಯಿತು. ಅವನು ಕುಸಿದು ಕುಳಿತು, ಆರೂ ಜನರ ಮುಖವನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ಗಟ್ಟಿಯಾಗಿ ಅತ್ತ. ಬಾಚಲೆ ಮುಖ ತಿರುಗಿಸಿಕೊಂಡು ನಿಂತಳು.

ಸುದ್ದಿ ತಿಳಿದ ಮಂಡನ ಏಕಾಂತದಲ್ಲಿ ಬಾಚಲೆಯ ಬಳಿಗೆ ಬಂದು, "ತಪ್ಪಾಗಿ ಆಡಿದೆ" ಎಂದು ಕೈ ಮುಗಿದ.

"ನನಗಲ್ಲ ದೂತರೇ, ಇಲ್ಲಿಯೂ ಅಲ್ಲ" ಎಂದಳು ಅವಳು.

ಅವನು ಸಭೆಗೆ ನಡೆದು, ಎಲ್ಲರೆದುರು ಕೇತುಗನ ಮುಂದೆ ತಲೆ ಬಾಗಿಸಿದ. ಕೇತುಗ ತನ್ನ ಆರು ಜನರ ಕಡೆಗೆ ಕೈ ತೋರಿಸಿದ. "ಬನ್ನಿ, ನಮ್ಮ ಜೊತೆ ಊಟಕ್ಕೆ ಕೂತುಕೊಳ್ಳಿ. ಇವರ ಹೆಸರು ಹೇಳುತ್ತೇನೆ" ಎಂದ.

ಅಂದು ಬೆಳ್ಮುಗಿಲಿನ ಮನೆಮನೆಯಲ್ಲಿ ಒಲೆ ಹೊತ್ತಿತು. ಕಲ್ಲಾಗಿದ್ದ ತಾಯಂದಿರು ಮಕ್ಕಳಿಗೆ ತುತ್ತಿಟ್ಟರು. ಮೋಡಗಳು ಇಳಿದು ಬಂದು ಬೆಟ್ಟದ ತಪ್ಪಲಲ್ಲಿ ಮಲಗಿದವು. ಎಲೆಗಳ ಮುಂದೆ ಸಾಲಾಗಿ ಕೂತ ಆರು ಜನ ಹಸಿವು ಹಸಿವೆನ್ನುತ್ತಾ ಮತ್ತೆ ಮತ್ತೆ ಬಡಿಸಿಕೊಂಡು ಉಂಡರು. ಬಡಿಸುತ್ತಿದ್ದವನು ಕೇತುಗ. ಅವನು ನಗುತ್ತಿದ್ದ.