ಎಂಟನೆಯ ಪ್ರಶ್ನೆ

“‘ಇಲ್ಲ’ ಅಂತ ಬರೀತೇನಿ ಅಬ್ಬಾ. ಯಾರಿಗೆ ಗೊತ್ತಾಗ್ತೈತಿ?”

“ಬ್ಯಾಡ. ಇದ್ದದ್ದು ಇದ್ದಂಗ ಬರಿ.”

ನಜ್ಮಾ ಸಿಟ್ಟಿನಿಂದ ಟಾಕನ್ನು ಶಾಯಿಯಲ್ಲಿ ಅದ್ದಿದಳು. ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರ ಕಟ್ಟೆಯ ಮೇಲೆ ಕೂತು ಅವಳು ಅಬ್ಬಾನ ನೌಕರಿಯ ಫಾರ್ಮು ತುಂಬುತ್ತಿದ್ದಳು. ಅಮೀನಸಾಬನಿಗೆ ಓದು ಬರಹ ಬಾರದು. ಮಗಳು ನಾಲ್ಕನೇ ಇಯತ್ತೆ. ತಾರೀಖಿನ ಜಾಗದಲ್ಲಿ ೧೯೩೮ ಎಂದು ದುಂಡಗೆ ಬರೆದಾಗಿತ್ತು. ಏಳು ಪ್ರಶ್ನೆ ಸಲೀಸಾಗಿ ಮುಗಿದಿದ್ದವು. ಎಂಟನೆಯದು: ‘ಹಿಂದೆ ಶಿಕ್ಷೆ ಆಗಿದೆಯೇ?’

ಆಗಿತ್ತು. ನಜ್ಮಾ ಹುಟ್ಟುವ ಮೊದಲು, ಬೇರೊಂದು ಗಿರಣಿಯಲ್ಲಿ ಅಬ್ಬಾ ಹಿತ್ತಾಳೆಯ ತುಂಡು ಕದ್ದಿದ್ದ. ಹಿಂಡಲಗಾ ಜೈಲಿನಲ್ಲಿ ಆರು ತಿಂಗಳು ಇದ್ದು ಬಂದಿದ್ದ. ಆಮೇಲೆ ಇನ್ನೊಬ್ಬರ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ.

ಹಲ್ಲು ಕಚ್ಚಿಕೊಂಡು ಅವಳು ‘ಹೌದು’ ಎಂದು ಬರೆದಳು.

ಫಾರ್ಮು ಓದುತ್ತ ಎಂಟನೆಯ ಸಾಲಿಗೆ ಬಂದ ಕೂಡಲೇ ಗುಮಾಸ್ತ ಶಾಂತಯ್ಯನ ಮುಖ ಹುಳ್ಳಗಾಯಿತು. “ನೌಕರಿ ಆಗಂಗಿಲ್ಲ ಅಮೀನಸಾಬ. ಶಿಕ್ಷಾ ಆದವರನ್ನ ನಮ್ಮ ಮಾಲಕರು ಇಟಗೊಳ್ಳಂಗಿಲ್ಲ.”

ನಜ್ಮಾಳಿಗೆ ಮೈಯೆಲ್ಲ ಉರಿಯಿತು. ಮೂರು ದಿನದಿಂದ ಕೆಟ್ಟು ನಿಂತಿದ್ದ ಮಶೀನಿನ ಜೊತೆ ಮುಂಜಾನೆಯಿಂದ ಗುದ್ದಾಡಿ, ಅಬ್ಬಾ ಈಗಷ್ಟೇ ಅದನ್ನು ನಡೆಸಿಕೊಟ್ಟಿದ್ದ. ‘ಶಾಬಾಸ್, ನಾಳಿಂದ ಬರ್ರಿ’ ಅಂದವನು ಇದೇ ಶಾಂತಯ್ಯ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

“ಮಶೀನದಾಗ ಕೈ ಹಾಕುಮುಂದ ಯಾಕ ಕೇಳಲಿಲ್ರಿ?” ಎಂದು ಕೂಗಿದಳು. “ಆಗ ನಮ್ಮ ಅಬ್ಬಾ ಕಳ್ಳ ಆಗಿರಲಿಲ್ಲೇನ್ರಿ?”

ಶಾಂತಯ್ಯ ಮೇಜಿನ ಮೇಲಿನ ಕಾಗದ ಸರಿಮಾಡತೊಡಗಿದ. ಅಬ್ಬಾ ಅವಳ ಕೈ ಹಿಡಿದು ಹೊರಗೆ ನಡೆದ.

ಓಣಿಯ ತಿರುವಿನಲ್ಲಿ ಅವನು ನಿಂತುಬಿಟ್ಟ. “ಹೊಸಾ ನಟ್ಟು ಹಾಕೇನಿ. ಮಶೀನು ಬಿಸಿ ಆದ ಮ್ಯಾಲೆ ಇನ್ನೊಂದ ಸಲ ಬಿಗೀ ಮಾಡಬೇಕು. ಇಲ್ಲಂದ್ರ ಸಡಲ್ತಾವು.”

“ಸಡಲ್ಲಿ! ಮುರದ ಬೀಳ್ಲಿ!”

“ಅದರ ಮುಂದ ಹತ್ತಿ ಹಾಕಾಕ ಹೆಣ್ಣಮಕ್ಕಳು ಕುಂತಾರವ್ವಾ. ಬಿಚ್ಚಿ ಸಿಡದ್ರ ಅವರ ಕೈ ಹೋಗ್ತಾವ.”

ನಜ್ಮಾ ದಪದಪ ಕಾಲು ಬಡಿಯುತ್ತ ಅವನ ಹಿಂದೆಯೇ ವಾಪಸು ಬಂದಳು. ಶಾಂತಯ್ಯ ಒಳಗೇನೋ ಬಿಟ್ಟ; ಜೊತೆಗೆ ಪಹರೆಯ ಬಸಣ್ಣನನ್ನೂ ಕಳಿಸಿದ. “ಅವನ ಕೈ ಕಡೆ ಲಕ್ಷ್ಯ ಇರ್ಲಿ,” ಎಂದು ಪಿಸುಗುಟ್ಟಿದ್ದು ನಜ್ಮಾಳ ಕಿವಿಗೂ ಬಿತ್ತು. ಎಂಥ ಮನುಷ್ಯ ಇವನು!

ಮಶೀನು ನಿಲ್ಲಿಸಿ ಅಬ್ಬಾ ನಾಲ್ಕೂ ನಟ್ಟು ಬಿಗಿದ. “ಛಲೋ ಆತು ನೋಡ ತಮ್ಮಾ,” ಎಂದಳು ಹತ್ತಿ ಹಾಕುವ ಈರವ್ವ. ಅವನು ತಲೆಯಾಡಿಸಿ ಹೊರಗೆ ಬಂದ.

ಗೇಟಿನಲ್ಲಿ ತಾನಾಗಿಯೇ ನಿಂತ. ಶಾಂತಯ್ಯನಾಗಲಿ ಬಸಣ್ಣನಾಗಲಿ ಏನೂ ಅಂದಿರಲಿಲ್ಲ. ಆದರೂ ಚೀಲ ಬಿಚ್ಚಿ ನಟ್ಟು ಬಿಗಿಯುವ ಪಾನಾ, ಸುತ್ತಿಗೆ ಎಲ್ಲವನ್ನೂ ನೆಲದ ಮೇಲೆ ಹರವಿದ. ಎರಡೂ ಜೇಬು ಹೊರಗೆಳೆದು ತೋರಿಸಿದ. ಯೋಚನೆಯೇ ಮಾಡಲಿಲ್ಲ, ದಿನಾ ಮಾಡುವ ಕೆಲಸದ ಹಾಗೆ ಕೈ ತಾನೇ ಓಡುತ್ತಿತ್ತು.

ನಜ್ಮಾ ನೋಡುತ್ತ ನಿಂತಳು. ಹೋದ ಹೋದ ಗೇಟಿನಲ್ಲೆಲ್ಲ ಅಬ್ಬಾ ಹೀಗೇ ಮಾಡುತ್ತ ಬಂದಿದ್ದಾನೆ, ಅವಳು ಹುಟ್ಟುವ ಮೊದಲಿನಿಂದಲೂ. ಅವನ ಮೇಲಿದ್ದ ಸಿಟ್ಟು ಇಳಿಯಿತು. ಉಳಿದವರ ಮೇಲಿನದು ಇಳಿಯಲಿಲ್ಲ.

ಅವಳು ಕೂತು, ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು.

“ಜೇಬು ಒಳಗ ಹಾಕ್ಕೋ ಅಬ್ಬಾ,” ಎಂದಳು. “ನಿನ್ನ ಯಾರೂ ಕೇಳಿಲ್ಲ.”