ಹೂಜಿಯ ಮೇಲಿನ ಹೆಬ್ಬೆರಳು

ಹೊಟ್ಟೆಕಿಚ್ಚಿಗೇ ಮಾಡಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಾಮಾನುಗಳನ್ನು ಜೋಪಾನ ಮಾಡುವ ತರಬೇತಿಗೆ ನಾನೂ ನನ್ನ ವಾರಗಿತ್ತಿಯೂ ಸೇರಿದ್ದೆವು. ಕೊನೆಗೆ ಕೆಲಸ ಸಿಗುವುದು ಒಬ್ಬರಿಗೆ ಮಾತ್ರ. ಕಲಿಸುವ ಮೇಡಂ ಬಾಯಲ್ಲಿ ಮೂರು ಹೊತ್ತೂ ಅವಳದೇ ಗುಣಗಾನ.

"ಇವಳ ಕೈ ನೋಡಿ ಕಲೀರಮ್ಮ," ಎಂದರು ಒಂದು ದಿನ, ಅವಳು ಒರೆಸಿಟ್ಟ ಹಿತ್ತಾಳೆ ಹೂಜಿ ತೋರಿಸುತ್ತ. "ಒಂದು ಕಲೆ ಇಲ್ಲ. ಗ್ಲೌಸ್ ಹಾಕದೆ ಮುಟ್ಟಿದ್ರೆ ಬೆವರು ಲೋಹಾನ ತಿನ್ನುತ್ತೆ, ಬೆರಳಚ್ಚು ಹಾಗೇ ಉಳಿದುಬಿಡುತ್ತೆ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಗ್ಲೌಸ್ ಬಿಚ್ಚಿ, ಹೂಜಿಯ ಹೊಟ್ಟೆಗೆ ಹೆಬ್ಬೆರಳು ಒತ್ತಿದೆ. ಕೋಣೆ ತಣ್ಣಗಿತ್ತು, ಹೂಜಿ ಮಾತ್ರ ಮನುಷ್ಯರ ಮೈಯಷ್ಟು ಬೆಚ್ಚಗಿತ್ತು. ಬೆರಳು ತೆಗೆಯುವಷ್ಟರಲ್ಲಿ ಒಳಗಿನಿಂದ ಯಾರೋ ಅದೇ ಜಾಗಕ್ಕೆ ಒತ್ತಿದಂತಾಯಿತು.

ಮರುದಿನ ಅಚ್ಚು ಕಪ್ಪಗೆ ಎದ್ದು ಕಾಣುತ್ತಿತ್ತು, ಚಿಕ್ಕಂದಿನಲ್ಲಿ ಚಾಕು ತಾಗಿದ ನನ್ನ ಗಾಯದ ಗೆರೆ ಸಮೇತ.

"ನಿನ್ನೆ ಇದು ಇರ್ಲಿಲ್ಲ ಮೇಡಂ, ದೇವರಾಣೆ!" ಎಂದಳು ವಾರಗಿತ್ತಿ, ಅಳುವುದೊಂದು ಬಾಕಿ. ಬೈಗುಳಕ್ಕೆ ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಾದೆ.

ಮೇಡಂ ಬೈಯಲಿಲ್ಲ. ಹೂಜಿ ಅಲ್ಲಿಗೆ ಬಂದ ದಿನ ಅದರ ಸ್ಥಿತಿ ಬರೆದಿಟ್ಟ ಕಾರ್ಡು ತೆಗೆದು, "ಇದು ಹಳೇದು ಬಿಡಮ್ಮ, ನಾವ್ಯಾರೂ ಗಮನಿಸಿಲ್ಲ ಅಷ್ಟೇ," ಎಂದು, ಕಾರ್ಡನ್ನು ಗಟ್ಟಿಯಾಗಿ ಓದಿದರು: "ಹೊಟ್ಟೆಯ ಮೇಲೆ ಬಲ ಹೆಬ್ಬೆರಳಿನ ಕಪ್ಪು ಅಚ್ಚು. ನಡುವೆ ಅಡ್ಡ ಗಾಯದ ಗೆರೆ. ಒರೆಸಿದರೂ ಹೋಗುವುದಿಲ್ಲ."

ಕೆಲಸ ಅವಳಿಗೇ ಸಿಕ್ಕಿತು. ಕಾರ್ಡಿನ ತಾರೀಖನ್ನು ನಾನೇ ನೋಡಿದೆ. ಅದು ನಾನು ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲಿನದು.