ಸಂಕ್ರಾಂತಿವರೆಗೆ ಬೀಗ

ಹುಡುಗಿಯನ್ನು ಮೊದಲು ಕಂಡವಳು ಗಂಗರತ್ನಮ್ಮ. ಬೆಳಗಿನ ಆರೂವರೆ. ಕಣ ಗುಡಿಸಲೆಂದು ಪೊರಕೆ ಹಿಡಿದು ಬಂದಿದ್ದಳು. ಕ್ಯಾಂಪ್ ಮೈದಾನದ ಗೇಟು ತೆರೆದಿತ್ತು. ಬೀಗ ಒಡೆದಿರಲಿಲ್ಲ. ಯಾರೋ ಕೀಲಿಯಿಂದಲೇ ತೆಗೆದು ಚಿಲಕಕ್ಕೆ ನೇತುಹಾಕಿದ್ದರು. ಒಳಗೆ ಮೂರು ಡೇರೆಗಳು ನೆಲಕ್ಕೆ ಅಂಟಿದ್ದವು. ಊರಿನವರ ರಾಗಿ ಮೆದೆಯಲ್ಲಿ ಅರ್ಧ ಇರಲಿಲ್ಲ. ಎಲ್ಲೆಲ್ಲೂ ಮೊರದಗಲದ ಹೆಜ್ಜೆಗಳು. ಆನೆ.

ಹುಣಸೆ ಮರದ ಬುಡದಲ್ಲಿ ಹುಡುಗಿ ಒರಗಿದ್ದಳು. ಇಪ್ಪತ್ತು ವರ್ಷ ಇರಬಹುದು. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಬೆಂಗಳೂರಿನಿಂದ ಜೊತೆಗೆ ಬಂದವರು ಕಾರು ಹತ್ತಿ ಓಡಿಹೋಗಿದ್ದರು.

ಗಂಗರತ್ನಮ್ಮ ತಾನು ಹೊದ್ದಿದ್ದ ಶಾಲು ತೆಗೆದು ಅವಳಿಗೆ ಹೊದಿಸಿದಳು.

"ಯಾರವ್ವಾ ನಿನ್ನ ಒಳಿಕ್ಕೆ ಬಿಟ್ಟೋರು?"

"ವಾಚ್‌ಮನ್," ಎಂದಳು ಹುಡುಗಿ. "ಮಫ್ಲರ್ ಸುತ್ತಿಕೊಂಡಿದ್ದ. ಮುಖ ಕಾಣಿಸಲಿಲ್ಲ. ನಾನೇ ಇಲ್ಲಿನ ವಾಚ್‌ಮನ್ ಅಂದ."

ಗಂಗರತ್ನಮ್ಮನ ಕೈ ಹಾಗೇ ನಿಂತಿತು. ಆ ಮೈದಾನಕ್ಕೆ ಇದ್ದವನು ಒಬ್ಬನೇ ಕಾವಲುಗಾರ. ಅವಳ ಗಂಡ ಮುನಿಶಾಮಪ್ಪ.

ಶಾಲನ್ನು ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹುಡುಗಿಯ ಕೂದಲಿಗೆ ಸಿಕ್ಕಿದ್ದ ರಾಗಿ ಹುಲ್ಲನ್ನು ಒಂದೊಂದಾಗಿ ತೆಗೆದಳು. ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿಸಿದಳು.

* * *

ಮೈದಾನ ಇರುವುದು ತೊರಪಲ್ಲಿ ಅಗ್ರಹಾರದಿಂದಾಚೆ, ಕಾಡಿನ ಅಂಚಿನಲ್ಲಿ. ನಡೆಸುವುದು ಊರಿನ ಸಮಿತಿ. ಬೇರೆ ದಿನಗಳಲ್ಲಿ ಯಾರು ಬೇಕಾದರೂ ಬಂದು ಡೇರೆ ಹಾಕಬಹುದು. ಕಾರ್ತಿಕದಿಂದ ಸಂಕ್ರಾಂತಿವರೆಗೆ ಮಾತ್ರ ಬೀಗ. ಅದು ರಾಗಿ ಕೊಯ್ಯುವ ಕಾಲ. ರಾಗಿಯ ವಾಸನೆಗೆ ಆನೆಗಳು ಬರುವ ಕಾಲ. ಮೈದಾನಕ್ಕೆ ಸೋಲಾರ್ ಬೇಲಿ ಇದೆ. ಹಾಗಾಗಿ ಆ ಎರಡು ತಿಂಗಳು ಊರಿನವರು ಅಲ್ಲೇ ಸಗಣಿ ಸಾರಿಸಿ ಕಣ ಮಾಡುತ್ತಾರೆ. ಎಲ್ಲರ ಮೆದೆಯೂ ಅಲ್ಲೇ.

ಆದರೆ ಬೆಂಗಳೂರಿನವರಿಗೆ ಚಳಿಯೂ ರಜೆಯೂ ಬರುವುದು ಡಿಸೆಂಬರಿನಲ್ಲಿ. ಬೀಗ ಬಿದ್ದ ಮೇಲೇ ಗೇಟಿನ ಮುಂದೆ ಕಾರುಗಳು ಹೆಚ್ಚು. ಮುನಿಶಾಮಪ್ಪ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಆಗಾಕಿಲ್ಲ ಸಾಮಿ."

ಸಬ್ ಇನ್‌ಸ್ಪೆಕ್ಟರ್ ಜಯಂತಿ ಬಂದಾಗ ಅವನು ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮೈ ಜ್ವರದಿಂದ ನಡುಗುತ್ತಿತ್ತು.

"ರಾತ್ರಿ ಎಲ್ಲಿದ್ರಿ?"

"ಮನೇಲಿ ಕಣಮ್ಮ. ಜ್ವರ."

"ಕಾವಲು ಬಿಟ್ಟು ಹೋಗ್ತೀನಿ ಅಂತ ಯಾರಿಗಾದ್ರೂ ಹೇಳಿದ್ರಾ?"

ಮುನಿಶಾಮಪ್ಪ ನೆಲ ನೋಡಿದ.

"ಕೀಲಿ ಎಷ್ಟಿವೆ?"

"ಎಲ್ಡು. ಒಂದು ನನ್ನ ಉಡುದಾರದಾಗೆ. ಇನ್ನೊಂದು ಸಮಿತಿ ಕಾರ್ಯದರ್ಶಿ ಅಂಬರೀಶನ ತಾವ."

ಪೇದೆ ಮುನಿರತ್ನ ಅವನನ್ನು ಜೀಪಿಗೆ ಹತ್ತಿಸಿದ. ಬಿಸಿಲು ಬೀಳುವ ಕಡೆ ಕೂರಿಸಿ, ತನ್ನ ನೀರಿನ ಬಾಟಲಿಯನ್ನು ಅವನ ತೊಡೆಯ ಮೇಲಿಟ್ಟ.

ಜಯಂತಿಯ ಫೋನು ಹೊಡೆದುಕೊಂಡಿತು. ಮೇಲಧಿಕಾರಿ.

"ಹುಡುಗಿಯೇ ವಾಚ್‌ಮನ್ ಅಂದಿದ್ದಾಳೆ. ಬೇಲಿಯ ಕರೆಂಟು ಆರಿಸಿದ್ದಾರೆ, ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ಬರಿಗಾಲಿನ ಹೆಜ್ಜೆ ಇದೆಯಂತೆ. ಇನ್ನೇನು? ನಾಲ್ಕು ಗಂಟೆಗೆ ಹೊಸೂರು ಕೋರ್ಟಿಗೆ ಹಾಜರುಪಡಿಸಿ."

"ನಾಲ್ಕಕ್ಕೆ ಇನ್ನೂ ಹೊತ್ತಿದೆ ಸಾರ್."

"ಜಯಂತಿ!"

"ನೋಡಬೇಕಾದ್ದು ಉಳಿದಿದೆ ಸಾರ್," ಎಂದು ಅವಳು ಫೋನು ಇಟ್ಟಳು.

ಗಂಗರತ್ನಮ್ಮ ಸೆರಗು ಬಿಗಿದು ಜೀಪಿನ ಮುಂದೆ ನಿಂತಳು.

"ಕರ್ಕೊಂಡ್ ಹೋಗಂಗಿದ್ರೆ ನನ್ನೂ ಹತ್ತುಸ್ಕೊಳ್ಳಿ. ಕಲೆಕ್ಟ್ರು ಕಡೆಯೋರು ಅಂದ್ಕೊಂಡ್ ಬಂದೋರ್ಗೂ ಈ ಗೇಟು ತೆಗೀಲಿಲ್ಲ ಇವ್ನು. ಜ್ವರದಾಗೆ ಎದ್ ಬಂದು ಕಳ್ಳಂಗೆ ತೆಗೀತಾನಾ?"

"ಅಮ್ಮಾ, ನಾನಿನ್ನೂ ಹೊರಟಿಲ್ಲ," ಎಂದಳು ಜಯಂತಿ. "ಕಣ ಯಾವಾಗ ಸಾರಿಸಿದ್ದು?"

"ನೆನ್ನೆ ಸಂಜೆ. ನಾನೇ ಸಾರ್ಸಿದ್ದು."

* * *

ಸಾರಿಸಿದ ಕಣ ರಾತ್ರಿಯೆಲ್ಲ ಹಸಿಯಾಗಿತ್ತು. ನಡೆದವರ ಗುರುತು ಅದರ ಮೇಲೆ ಹಾಗೇ ಉಳಿದಿತ್ತು. ನಡುವೆ ಬೆಂಗಳೂರಿನವರ ಬೂಟುಗಳು, ಅಡ್ಡಾದಿಡ್ಡಿ. ಮೂಡಲ ಕಡೆ, ಮೆದೆಯ ಸುತ್ತ ಆನೆ. ಪಡುವಲ ಕಡೆ ಒಂಟಿ ಬರಿಗಾಲು. ಅದು ಕಣ ದಾಟಿ ಬೇಲಿಯ ಸ್ವಿಚ್ಚಿನ ಪೆಟ್ಟಿಗೆಗೆ ಹೋಗಿತ್ತು. ಅದೇ ದಾರಿಯಲ್ಲಿ ಹಿಂದಿರುಗಿತ್ತು.

ಜಯಂತಿ ಆ ಹೆಜ್ಜೆಯ ಜಾಡು ಹಿಡಿದು ಕಣದ ಹೊರಗೆ ಬಂದಳು. ಅಲ್ಲಿ ಮೆತ್ತನೆಯ ಮಣ್ಣು. ಕೂತು ನೋಡಿದಳು. ಬಹಳ ಹೊತ್ತು ಏಳಲಿಲ್ಲ.

ಅಷ್ಟರಲ್ಲಿ ಕುಮಾರೇಶ್ ಬಂದ. ಕೃಷ್ಣಗಿರಿ ಪೇಟೆಯ ಮಾವಿನ ಮಂಡಿ ಮನೆಯವನು. ಪಕ್ಕದಲ್ಲೇ ಖಾಸಗಿ ಡೇರೆ ತಾಣ ಇಟ್ಟಿದ್ದ. ತುಳಿದುಹೋದ ಡೇರೆಗಳ ಮೇಲೆ ಅವನ ತಾಣದ ಹೆಸರಿತ್ತು. ಊರಿನವರಿಗೆಲ್ಲ ಅವನ ಮೇಲೇ ಅನುಮಾನ. ಸಮಿತಿಯ ಮೈದಾನದ ಹೆಸರು ಕೆಟ್ಟರೆ ಲಾಭ ಅವನಿಗೆ ತಾನೇ?

"ಡೇರೆ ನಿಮ್ಮವು," ಎಂದಳು ಜಯಂತಿ.

"ಬಾಡಿಗೆಗೆ ಕೊಟ್ಟಿದ್ದು ಮೇಡಂ. ಯಾರೋ ಫೋನಲ್ಲಿ ಕೇಳಿದ್ರು, ಆಟೋ ಕಳಿಸಿ ತರಿಸಿಕೊಂಡ್ರು. ಎಲ್ಲಿ, ನೋಡೋಣ, ಎಷ್ಟು ಹಾಳಾಗಿವೆ," ಎಂದವನೇ ಬೂಟುಗಾಲಿನಲ್ಲಿ ದಡದಡ ಕಣದ ಮೇಲೆ ನಡೆದ.

"ಏಯ್! ಕಣ ಕಣಯ್ಯಾ ಅದು!" ಗಂಗರತ್ನಮ್ಮ ಕೂಗಿದಳು. "ಕಾಲಿನ್ ಮೆಟ್ಟು ಬಿಡಾಕೆ ನಿಮ್ಮವ್ವ ಹೇಳ್ಕೊಡ್ಲಿಲ್ವಾ?"

ಕುಮಾರೇಶ್ ಕಕ್ಕಾಬಿಕ್ಕಿಯಾದ. "ಏನಾಯ್ತು ಈಗ? ಬರೀ ನೆಲ ತಾನೇ?"

ಜಯಂತಿ ಸಣ್ಣಗೆ ನಕ್ಕಳು. "ನೀವು ಹೋಗಬಹುದು ಕುಮಾರೇಶ್. ಆ ಫೋನ್ ನಂಬರ್ ಮಾತ್ರ ಬರೆದುಕೊಟ್ಟು ಹೋಗಿ."

* * *

ಮೂರು ಗಂಟೆಗೆ ಕಾರ್ಯದರ್ಶಿ ಅಂಬರೀಶ್ ಬಂದ. ಅದೇ ಊರಿನ ಹುಡುಗ. ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಶಿಫ್ಟು ಮುಗಿಸಿ ನೇರ ಬಂದಿದ್ದ. ಕಾಲಲ್ಲಿ ಕಾರ್ಖಾನೆಯ ದಪ್ಪ ಬೂಟು.

"ಮುನಿಶಾಮಣ್ಣ ಹಿಂಗ್ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ ಮೇಡಂ," ಎಂದ. "ಪಾಪ, ವಯಸ್ಸಾಗೋಯ್ತು. ಆಸೆ ಬಿದ್ದವ್ನೆ. ನನ್ನ ಕೀಲಿ ಬೀರುವಲ್ಲೇ ಐತೆ, ಬೇಕಾದ್ರೆ ನೋಡಿ."

ಅವನ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡು ಮಾತಿಗೆ ತೊಡಗಿದ. ಜಯಂತಿ ಪಡುವಲ ಕಡೆ ಪೆಟ್ಟಿಗೆಯ ಬಳಿ ನಿಂತು ಕೈ ಬೀಸಿದಳು.

"ಅಂಬರೀಶ್! ಈ ತಂತಿ ನೋಡಿ. ಬೇಗ ಬನ್ನಿ!"

ಅಂಬರೀಶ್ ಮಾತಾಡುತ್ತಲೇ ಓಡಿಬಂದ. ಕಣದ ಅಂಚಿನಲ್ಲಿ ನಿಂತ. ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬೂಟು ಕಳಚಿದ. ಕಾಲುಚೀಲ ಎಳೆದು ಬೂಟಿನೊಳಗೆ ತುರುಕಿದ. ಬರಿಗಾಲಲ್ಲಿ ಕಣದೊಳಗೆ ಕಾಲಿಟ್ಟ.

ಜಯಂತಿ ಅವನನ್ನು ನೋಡುತ್ತಿರಲಿಲ್ಲ. ಅವನ ಹೆಜ್ಜೆ ನೋಡುತ್ತಿದ್ದಳು.

"ಫೋನ್ ಇಡಿ ಅಂಬರೀಶ್."

"ಏನ್ ಮೇಡಂ?"

"ಬೆಂಗಳೂರಿನ ಹುಡುಗರು ಬೂಟು ಹಾಕಿಕೊಂಡೇ ಕಣ ತುಳಿದರು. ಕುಮಾರೇಶನೂ ತುಳಿದ. ಅವರಿಗೆ ಇದು ಬರೀ ನೆಲ. ಸ್ವಿಚ್ಚು ಆರಿಸಿದವನು ಮಾತ್ರ ಕತ್ತಲಲ್ಲಿ, ಕಳ್ಳತನಕ್ಕೆ ಬಂದಾಗಲೂ ಕಾಲಿನದು ಬಿಟ್ಟು ಒಳಗೆ ಹೋದ. ಅಂದರೆ ಕಣದಲ್ಲೇ ಬೆಳೆದ ಈ ಊರಿನವನು."

"ಮುನಿಶಾಮಣ್ಣನೂ ಇದೇ ಊರೋನು."

"ಹೌದು. ಆದರೆ ಕಣದಾಚೆಯ ಮಣ್ಣಲ್ಲಿ ಒಂದು ಜೊತೆ ಬೂಟು ಅಕ್ಕಪಕ್ಕ ಬಿಟ್ಟ ಗುರುತಿದೆ. ಅಲ್ಲಿಂದ ಶುರು ಬರಿಗಾಲು. ಮುನಿಶಾಮಪ್ಪ ಜನ್ಮದಲ್ಲಿ ಬೂಟು ಹಾಕಿದವರಲ್ಲ. ಅವರ ಪಾದ ನೋಡಿ, ಬೆರಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಈ ಹೆಜ್ಜೆಯಲ್ಲಿ ಬೆರಳು ಒಂದಕ್ಕೊಂದು ಅಂಟಿವೆ. ದಿನಕ್ಕೆ ಎಂಟು ಗಂಟೆ ಬೂಟಿನಲ್ಲಿರುವ ಕಾಲು. ಬೀಗ ಕೀಲಿಯಿಂದ ತೆಗೆದದ್ದು. ಕೀಲಿ ಇದ್ದವರು ಇಬ್ಬರೇ. ಅವರಲ್ಲಿ ಬೂಟು ಹಾಕುವವರು ನೀವೊಬ್ಬರು."

ಮುನಿರತ್ನ ಅಂಬರೀಶನ ಬೂಟೊಂದನ್ನು ತಂದು ಮಣ್ಣಿನ ಗುರುತಿನ ಮೇಲಿಟ್ಟ. ಹಿಮ್ಮಡಿಯ ಅಡ್ಡಗೆರೆಗಳು ಒಂದೂ ತಪ್ಪದೆ ಕೂತವು.

ಅಂಬರೀಶ್ ಒಮ್ಮೆ ಗೇಟಿನ ಕಡೆ ನೋಡಿದ. ಅಲ್ಲಿ ಊರು ನಿಂತಿತ್ತು. ಅವನ ಧ್ವನಿ ಏರಿತು.

"ಏನ್ ತಪ್ಪು? ದಿನಾ ಐವತ್ತು ಜನ ಕೇಳ್ತಾರೆ. ಇರೋ ಮೈದಾನ ಮುಚ್ಚಿಟ್ಟು ಪೂಜೆ ಮಾಡ್ಬೇಕಾ? ಹುಡುಗ್ರು ಹೊರಕ್ಕೂ ಒಳಕ್ಕೂ ಓಡಾಡ್ಬೇಕು ಅಂದ್ರು. ಒಂದಿನ ಬೇಲಿ ಆರಿಸ್ದೆ. ಆನೆ ಬರುತ್ತೆ ಅಂತ ಕನಸು ಬಿದ್ದಿತ್ತಾ?"

"ಬತ್ತದೆ ಅಂತಾನೇ ಕಣ್ಲಾ ಮುಚ್ಚೋದು!" ಗಂಗರತ್ನಮ್ಮ ಸಿಡಿದಳು. "ಊರ್ ರಾಗಿ ಹೋಯ್ತು. ಆ ಮಗು ಕಾಲು ಹೋಯ್ತು. ಸಾಲ್ದು ಅಂತ ಇವನ್ ಹೆಸ್ರು ಇಕ್ಕೊಂಡ್ಯಾ?"

ಮುನಿಶಾಮಪ್ಪ ಮೆಲ್ಲಗೆ ಜೀಪಿನಿಂದ ಇಳಿದ.

"ಜ್ವರ ಬಂದೈತೆ, ಮನೀಕ್ಕೋ ಹೋಗು, ನಾನ್ ನೋಡ್ಕೊಂತೀನಿ ಅಂತ ನೀನೇ ಅಂದೆ. ಒಳ್ಳೇ ಮಾತಾಡ್ದೋನ ಹೆಸ್ರು ಪೊಲೀಸ್ನೋರ್ ಮುಂದೆ ಹೇಳ್ಬಾರ್ದು ಅಂತ ಬೆಳಿಗ್ಗಿಂದ ಬಾಯಿ ಕಚ್ಕೊಂಡ್ ಕುಂತಿದ್ದೆ ಕಣ್ಲಾ."

ಅಂಬರೀಶ್ ತಲೆ ತಗ್ಗಿಸಿದ್ದು ಆಗ.

* * *

ಅವನನ್ನು ಹೊತ್ತ ಜೀಪು ಹೊರಡುವ ಮೊದಲೇ ರಸ್ತೆಯಲ್ಲಿ ಧೂಳೆದ್ದಿತು. ಬೆಂಗಳೂರಿನ ವ್ಯಾನು. ಒಳಗೆ ಹನ್ನೆರಡು ಜನ, ಹಾಡು, ಮೇಲೆ ಕಟ್ಟಿದ ಹಾಸಿಗೆ ಸುರುಳಿಗಳು. ಅಂಬರೀಶ್ ಇವತ್ತಿನ ರಾತ್ರಿಗೂ ಬುಕಿಂಗ್ ಒಪ್ಪಿಕೊಂಡಿದ್ದ.

ಜಯಂತಿ ಮುಂದೆ ಹೆಜ್ಜೆಯಿಟ್ಟಳು. ಅಷ್ಟರಲ್ಲಿ ಮುನಿಶಾಮಪ್ಪ ರಸ್ತೆಯ ನಡುವೆ ಹೋಗಿ ನಿಂತಿದ್ದ. ಜ್ವರ ಇನ್ನೂ ಇಳಿದಿರಲಿಲ್ಲ. ಅವಳು ಅಲ್ಲೇ ನಿಂತಳು.

"ದಾರಿ ಬಿಡಿ ತಾತ, ಬುಕ್ಕಾಗಿದೆ," ಎಂದ ಡ್ರೈವರ್.

"ಆಗಿದ್ರೆ ಆಗ್ಲಿ. ಮುಚ್ಚೈತೆ."

"ವಾಚ್‌ಮನ್ ಬರೋಕೆ ಹೇಳಿದ್ದಾನೆ. ನೀವ್ಯಾರು ಬೇಡ ಅನ್ನೋಕೆ?"

"ನಾನೇ ಕಣಪ್ಪ ಇಲ್ಲಿ ಕಾವಲುಗಾರ."

ಡ್ರೈವರ್ ಹಾರ್ನ್ ಒತ್ತಿದ. ಮುನಿಶಾಮಪ್ಪ ಅಲುಗಲಿಲ್ಲ. ಗಂಗರತ್ನಮ್ಮ ಬಂದು ಅವನ ಎಡಕ್ಕೆ ನಿಂತಳು. ಮೆದೆ ಕಳೆದುಕೊಂಡವರು ಒಬ್ಬೊಬ್ಬರಾಗಿ ಬಲಕ್ಕೆ ಬಂದರು. ಹಾರ್ನ್ ಇನ್ನೆರಡು ಸಲ ಕೂಗಿ ನಿಂತಿತು. ವ್ಯಾನಿನೊಳಗಿನ ಹಾಡೂ ನಿಂತಿತು.

"ಸಂಕ್ರಾಂತಿ ಕಳೀಲಿ, ಬನ್ನಿ," ಎಂದ ಮುನಿಶಾಮಪ್ಪ. "ಆವಾಗ ನಾನೇ ತೆಗೀತೀನಿ. ಈಗ ತಿರುಗ್ಸು. ಬೆಳಕಿರಂಗೇ ಕಾಡು ದಾಟ್ಬುಡಿ."